ಚನಬಸಪ್ಪನವರ ಹೆಸರಿನ ರಕ್ತ

ಹಳಿಯಾಳದ ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ಚನಬಸಪ್ಪನವರು ಪ್ರತಿ ಶ್ರಾವಣದಲ್ಲಿ ಉಳವಿಗೆ ಪಾದಯಾತ್ರೆ ಮಾಡುತ್ತಾರೆ. ಪಾದಗಳು ಮಾತ್ರ ಮುದಕಪ್ಪನವು.

ಮುದಕಪ್ಪ ಅವರ ಅಂಗಡಿಯಲ್ಲಿ ಚೀಲ ಹೊರುವ ಆಳು. ಶ್ರಾವಣ ಬಂತೆಂದರೆ ಸಾಹುಕಾರರು ತಾವೇ ಅವನ ಹಣೆಗೆ ವಿಭೂತಿ ಬಳಿದು, ಹೆಗಲಿಗೆ ಜೋಳಿಗೆ ಹಾಕಿ, "ನನ್ನ ಹೆಸರಿಲೆ ನಡಿ. ನೀ ನಡದ್ರ ನಾ ನಡದಂಗ" ಎಂದು ಕಳಿಸಿಕೊಡುತ್ತಾರೆ. ಅವನು ದಾಂಡೇಲಿ ದಾಟಿ, ಜೋಯಿಡಾ ದಾಟಿ, ಕಾಡಿನ ರಸ್ತೆಯಲ್ಲಿ ನೆನೆಯುತ್ತ ಉಳವಿ ಮುಟ್ಟುವ ಹೊತ್ತಿಗೆ ಇವರು ಕಾರಿನಲ್ಲಿ ಬಂದು, ಗುಡಿ ಕಾಣುವ ತಿರುವಿನಲ್ಲಿ ಇಳಿದು, ಚಪ್ಪಲಿಯನ್ನು ಡ್ರೈವರನ ವಶಕ್ಕೆ ಕೊಟ್ಟು, ಉಳಿದಷ್ಟು ದೂರ ಬರಿಗಾಲಲ್ಲಿ ನಡೆಯುತ್ತಾರೆ. ಫೋಟೊ ತೆಗೆಯುವುದು ಆ ಉಳಿದಷ್ಟು ದೂರದ್ದು. ಪಾದಯಾತ್ರಿಗಳ ಸಂಘದವರು ಆ ಫೋಟೊ ನೋಡಿ ಶಾಲು ಹೊದಿಸುತ್ತಾರೆ. ನಡೆದವನು ಮುದಕಪ್ಪನೆಂಬುದು ಸಂಘಕ್ಕೂ ಗೊತ್ತು, ಓಣಿಗೂ ಗೊತ್ತು. ಸಂಘದ ಹಾಲಿಗೆ ಫ್ಯಾನು ಹಾಕಿಸಿದವರು ಯಾರೆಂಬುದು ಇನ್ನೂ ಚೆನ್ನಾಗಿ ಗೊತ್ತು.

ಈ ವರ್ಷದ ಯಾತ್ರೆಯಿಂದ ಇಬ್ಬರೂ ಒಂದೊಂದು ಪೀಡೆ ತಂದರು. ಕುಂಬಾರವಾಡದ ಹತ್ತಿರ ಮಳೆ ಜೋರಾಗಿ, ಬಸ್ಸೂ ಇಲ್ಲದೆ, ಮುದಕಪ್ಪ ರಸ್ತೆ ಕೆಲಸದ ಕೂಲಿಗಳ ತಗಡಿನ ಶೆಡ್ಡಿನಲ್ಲಿ ಮಲಗಿದ. ಅಲ್ಲಿದ್ದ ಒಬ್ಬಿಬ್ಬರು ಆಗಲೇ ಚಳಿಜ್ವರದಲ್ಲಿ ನಡುಗುತ್ತಿದ್ದರು. ಅವರನ್ನು ಕಚ್ಚಿದ ಸೊಳ್ಳೆಗಳು ಯಾತ್ರಿಕನೆಂದು ಇವನನ್ನು ಬಿಡಲಿಲ್ಲ. ಸಾಹುಕಾರರಿಗೆ ಬರಿಗಾಲಿನ ಕೊನೆಯ ತುಣುಕಿನಲ್ಲಿ ಹೆಬ್ಬೆರಳ ಬುಡಕ್ಕೆ ಚೂಪುಗಲ್ಲು ಕೊಯ್ದಿತು. ಅದು ಅವರಿಗೆ ತಿಳಿಯಲಿಲ್ಲ. ಅವರ ಪಾದಗಳಿಗೆ ಬಹಳ ಕಾಲದಿಂದ ಏನೂ ತಿಳಿಯುತ್ತಿರಲಿಲ್ಲ. ಹೆಂಡತಿ ಶಿವಗಂಗವ್ವ "ಒಮ್ಮೆ ಸಕ್ಕರಿ ಚೆಕ್ ಮಾಡಸ್ರಿ" ಎಂದು ವರ್ಷಗಟ್ಟಲೆ ಹೇಳಿದ್ದಳು. ಸೂಜಿಯ ಹೆಸರು ಕೇಳಿದರೇ ಬೆವರುವ ಗಂಡ, "ನಮ್ಮ ವಂಶದಾಗ ಸಕ್ಕರಿ ಬ್ಯಾನಿ ಇಲ್ಲ" ಎಂದು ಅಷ್ಟೇ ವರ್ಷ ಹೇಳಿದ್ದರು. ವಂಶದಲ್ಲಿ ಯಾರೂ ಪರೀಕ್ಷೆ ಮಾಡಿಸಿರಲಿಲ್ಲವಾದ್ದರಿಂದ ಇದ್ದರೂ ಗೊತ್ತಾಗುವಂತಿರಲಿಲ್ಲ.

ಚೌತಿ ಹತ್ತಿರ ಬಂದಾಗ ಇಬ್ಬರಿಗೂ ಜ್ವರ ಏರಿತು. ಸಾಹುಕಾರರ ಜ್ವರ ಪೇಟೆಯ ಸುದ್ದಿಯಾಯಿತು. ಮುದಕಪ್ಪನ ಜ್ವರ ಚೀಲಗಳ ನಡುವೆಯೇ ನಡೆದುಕೊಂಡು ಹೋಯಿತು. ಅವನು ಒಂದು ದಿನ ನಡುಗುತ್ತಿದ್ದ, ಮರುದಿನ ಎದ್ದು ಚೀಲ ಹೊರುತ್ತಿದ್ದ, ಅದರ ಮರುದಿನ ಮತ್ತೆ ಹಲ್ಲು ಕಟಕಟಿಸುತ್ತ ಮೂಲೆ ಹಿಡಿಯುತ್ತಿದ್ದ. ಗೊಬ್ಬರಕ್ಕೆ ಬಂದ ರೈತರು, "ಯಾಕೋ ಮುದಕಪ್ಪ, ಮೈಯಾಗ ದೇವರು ಬಂದಾನೇನು?" ಎಂದು ನಕ್ಕು ತಮ್ಮ ಚೀಲ ತಾವೇ ಎತ್ತಿಕೊಂಡರು.

ಸಾಹುಕಾರರ ಡಾಕ್ಟರು ಹುಬ್ಬಳ್ಳಿಯವರು, ನೋಡುವುದೆಲ್ಲ ಫೋನಿನಲ್ಲಿ. ವಿಡಿಯೊದಲ್ಲಿ ನಾಲಗೆ ಕೇಳಿದರು, ಇವರು ನಾಲಗೆ ತೋರಿಸಿದರು. ಕಾಲು ಕೇಳಲಿಲ್ಲ, ಕೇಳಿದ್ದರೂ ಕಾಲಿಗೆ ಕಾಲುಚೀಲ ಇತ್ತು. ಮಳೆ, ಕಾಡು, ಪಾದಯಾತ್ರೆ ಎಂಬ ಮಾತುಗಳು ಕಿವಿಗೆ ಬಿದ್ದ ಮೇಲೆ ಡಾಕ್ಟರು ಮಲೇರಿಯಾ, ರಕ್ತದ ಪ್ರಮಾಣ, ಸಕ್ಕರೆ ಮೂರನ್ನೂ ನೋಡಿಸಿರಿ ಎಂದು ಬರೆದು ಕಳಿಸಿದರು.

"ಖಾಲಿ ಹೊಟ್ಟೀಲೆ ರಕ್ತಾ ಕೊಡಬೇಕಂತ," ಶಿವಗಂಗವ್ವ ಓದಿ ಹೇಳಿದಳು.

"ಮುದಕ್ಯಾ ಉಂಡಾನೇನು?" ಎಂದು ಸಾಹುಕಾರರು ಕೇಳಿದರು.

ಅವಳಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. "ಜ್ವರಾ ನಿಮಗ ಬಂದಾವ. ಅವನ ಊಟಾ ತಗೊಂಡು ಏನ ಮಾಡ್ತೀರಿ?"

"ಅಲ್ಲಾ, ಉಳವಿಗೆ ಯಾರ ನಡದ್ರು? ಅಂವ. ಪುಣ್ಯಾ ಯಾರ ಮನಿಗೆ ಬಂತು? ನಮ್ಮ ಮನಿಗೆ. ಹೆಸರು ಮುಖ್ಯ. ನನ್ನ ಹೆಸರು ಬರಸಿ ಕೊಟ್ರ ಆತು."

"ಪುಣ್ಯಾ ಬ್ಯಾರೆ, ರಕ್ತಾ ಬ್ಯಾರೆ ಅಲ್ರೀ?"

"ದೊಡ್ಡ ಡಾಕ್ಟರ್ ಆಗೀಯ ನೋಡು. ಅವನ್ನ ಕರಿ."

ಮುದಕಪ್ಪ ಉಂಡಿರಲಿಲ್ಲ. ಊಟ ಸೇರದೆ ಕೆಲವು ದಿನಗಳಾಗಿದ್ದವು. ಹೀಗೆ ಡಾಕ್ಟರರ ಸೂಚನೆ ಅಕ್ಷರಶಃ ಪಾಲನೆಯಾಯಿತು. ಬಸ್ ಸ್ಟ್ಯಾಂಡ್ ಎದುರಿನ ಹೊಸ ಲ್ಯಾಬಿನಲ್ಲಿ ಪೂರ್ಣಿಮಾ ಎಂಬ ಹುಡುಗಿ ಫೋನಿನಿಂದ ತಲೆ ಎತ್ತದೆ ಹೆಸರು ಕೇಳಿದಳು. "ಚನಬಸಪ್ಪ ಅಂತ ಬರಕೋರಿ," ಅಂದ. ವಯಸ್ಸು ಕೇಳಿದಳು. ಅದನ್ನು ಸಾಹುಕಾರರು ಹೇಳಿಕೊಟ್ಟಿರಲಿಲ್ಲ. "ನೀವ ಒಂದು ಅಂದಾಜ ಹಾಕ್ರಿ," ಅಂದ. ಆಗ ಅವಳು ತಲೆ ಎತ್ತಿ, ಗುಳಿಬಿದ್ದ ಕಣ್ಣು, ಒಣಗಿದ ತುಟಿ ನೋಡಿ ಅರವತ್ತು ಎಂದು ಹೊಡೆದಳು. ನಲವತ್ತು ದಾಟದವನಿಗೆ ಅದು ಅನ್ಯಾಯ. ಸಾಹುಕಾರರಿಗೆ ಸರಿಯಾಗಿ ಹೊಂದಿತು.

ಹೆಸರಿನ ವಿಷಯದಲ್ಲಿ ಆ ಲ್ಯಾಬು ಹೇಗೇ ಇರಲಿ, ರಕ್ತದ ವಿಷಯದಲ್ಲಿ ತನ್ನ ಕೆಲಸ ಮಾಡಿತು. ಒಂದು ಹನಿ ಪರೀಕ್ಷೆಯ ಕಾರ್ಡಿನ ಮೇಲೆ ಬಿತ್ತು. ಇರಲೇಬೇಕಾದ ಗೆರೆಯ ಪಕ್ಕದಲ್ಲಿ ಇರಬಾರದ ಇನ್ನೊಂದು ಗೆರೆ ಮೂಡಿತು. ಉಳಿದ ಹನಿಗಳು ಗಾಜಿನ ಪಟ್ಟಿಯ ಮೇಲೆ ಒಂದೆಡೆ ದಪ್ಪಗೆ, ಒಂದೆಡೆ ತೆಳ್ಳಗೆ ಸವರಿಸಿಕೊಂಡು, ಒಣಗಿ, ಬಣ್ಣ ಕುಡಿದು ಸೂಕ್ಷ್ಮದರ್ಶಕದ ಕೆಳಗೆ ಹೋದವು. ಉಬ್ಬಿದ ಕೆಂಪು ಕಣಗಳೊಳಗೆ ಸಣ್ಣ ಉಂಗುರಗಳು ಮನೆ ಮಾಡಿಕೊಂಡು ಕೂತಿದ್ದವು. ಮಲೇರಿಯಾ, ವೈವ್ಯಾಕ್ಸ್ ಜಾತಿಯದು. ಸೂಕ್ಷ್ಮದರ್ಶಕಕ್ಕೆ ಹೆಸರು ಕೇಳುವ ರೂಢಿ ಇಲ್ಲ.

ಸಂಜೆಯ ಹೊತ್ತಿಗೆ ವರದಿ ಫೋನಿಗೆ ಬಂತು. ಬಣ್ಣದ ವರದಿ, ಮೇಲ್ಗಡೆ ನಗುನಗುತ್ತಿರುವ ಒಂದು ಸಂಸಾರದ ಚಿತ್ರ, ಅವರಿಗೆಲ್ಲ ಮಲೇರಿಯಾ ಬಂದದ್ದಕ್ಕೇ ಸಂತೋಷವಾದಂತೆ. ಮಲೇರಿಯಾ ಇದೆ ಎಂಬುದು ಕೆಂಪು ಅಕ್ಷರದಲ್ಲಿತ್ತು. ರಕ್ತ ಕಡಿಮೆ ಎಂಬುದೂ ಕೆಂಪು. ಸಕ್ಕರೆಯ ಎದುರು ಮಾತ್ರ ಹಸಿರು: ಎಲ್ಲ ಸರಿಯಾಗಿದೆ.

ಚನಬಸಪ್ಪನವರು ಕೆಂಪನ್ನು ಹಾರಿ ಹಸಿರಿನಲ್ಲಿ ಇಳಿದರು. "ನೋಡ! ಸಕ್ಕರಿ ಇಲ್ಲ! ನಾ ಹೇಳಿದ್ನಿಲ್ಲ?"

"ಅದು ಮುದಕಪ್ಪನ ಸಕ್ಕರಿರೀ."

"ಹೆಸರು ಓದು. ಯಾರದೈತಿ ಹೆಸರು?"

ಶಿವಗಂಗವ್ವ ಓದಿದಳು. ಹೆಸರು ಅವರದೇ ಇತ್ತು. ಊರಿಗೆ ಸುಳ್ಳು ಹೇಳುವವರು ಪೇಟೆಯಲ್ಲಿ ಬೇಕಾದಷ್ಟಿದ್ದಾರೆ. ತಮ್ಮ ಸುಳ್ಳನ್ನು ಮೊದಲು ತಾವೇ ಖರೀದಿಸಿ, ಅದರ ಗುಣ ಹೊಗಳುವ ಗಿರಾಕಿ ಚನಬಸಪ್ಪನವರೊಬ್ಬರೇ. ಆ ಹಸಿರು ಅಕ್ಷರಕ್ಕಾಗಿ ಮಲೇರಿಯಾವನ್ನೂ ಅವರು ತಮ್ಮದೆಂದೇ ಒಪ್ಪಿಕೊಂಡರು. ಅಂದಿನಿಂದ ಕಡುಬು, ಕರ್ಚಿಕಾಯಿ, ಧಾರವಾಡದ ಪೇಢೆ, ಎಲ್ಲವೂ ನಿರ್ಭಯವಾಗಿ ಒಳಗೆ ಹೋಗತೊಡಗಿದವು. ರಕ್ತ ಕಡಿಮೆ ಇದೆಯೆಂದು ದಾಳಿಂಬೆ ರಸ ಬೇರೆ.

ಮಲೇರಿಯಾ ಕಂಡರೆ ಲ್ಯಾಬಿನವರು ಸರಕಾರಕ್ಕೆ ತಿಳಿಸಬೇಕು, ತಿಳಿಸಿದರು. ಮರುದಿನ ಬೆಳಿಗ್ಗೆ ವೀರೇಶ ಎಂಬ ಆರೋಗ್ಯ ಕಾರ್ಯಕರ್ತ ಹೆಗಲಿಗೆ ಚೀಲ ಹಾಕಿಕೊಂಡು ಬಂದ. ರೋಗಿಯ ಬೆರಳು ಚುಚ್ಚಿ ಇನ್ನೊಂದು ಗಾಜಿನ ಪಟ್ಟಿ ತಾನೂ ಮಾಡಿಕೊಳ್ಳಬೇಕು, ಮನೆಯ ಉಳಿದವರ ರಕ್ತವನ್ನೂ ನೋಡಬೇಕು, ಗುಳಿಗೆ ಕೊಟ್ಟು ಎದುರಿಗೇ ನುಂಗಿಸಬೇಕು ಎಂದ. ಬೆರಳು ಎಂಬ ಮಾತು ಒಳಗೆ ಕೇಳಿಸಿದ್ದೇ ತಡ, ಸಾಹುಕಾರರು ದೇವರ ಕೋಣೆ ಹೊಕ್ಕು ಪರದೆ ಎಳೆದರು. ಹಿಂಬಾಗಿಲಿನಿಂದ ಮುದಕಪ್ಪನನ್ನು ಕರೆಸಲಾಯಿತು. ಅಂದು ಅವನ ನಡುಗುವ ದಿನ.

"ಸಾವ್ಕಾರ್ರು ಪೂಜಾದಾಗ ಅದಾರ," ಶಿವಗಂಗವ್ವ ನೆಲ ನೋಡುತ್ತ ಹೇಳಿದಳು. ಈ ಮಾತನ್ನು ಅವಳಿಗೆ ಒಳಗಿನಿಂದ ಹೇಳಿಕೊಡಲಾಗಿತ್ತು. "ಎದ್ದ ಬರೂ ಹಂಗಿಲ್ಲ. ಕೈ ಕೊಡ್ತಾರ."

ಪರದೆಯ ಸಂದಿಯಿಂದ ಒಂದು ಕೈ ಹೊರಗೆ ಬಂತು. ವೀರೇಶ ಹಿಡಿದ. ಕೈ ಕಾದ ಹಂಚಿನಂತೆ ಸುಡುತ್ತಿತ್ತು. ಬೆರಳ ಸಂದಿಗಳಲ್ಲಿ ಯೂರಿಯಾ ಕೊರೆದ ಬಿರುಕುಗಳಿದ್ದವು. ನಡುಗುವ ರಭಸಕ್ಕೆ ಪರದೆಗೆ ಹೊಲಿದ ಗೆಜ್ಜೆಗಳು ಜಲ್ ಜಲ್ ಎನ್ನುತ್ತಿದ್ದವು.

"ಸಾವ್ಕಾರ್ರ, ಕೈ ಭಾಳ ನಡಗಾಕತ್ತೈತಿ."

"ಭಕ್ತಿರೀ," ಎಂದಿತು ಸಾಹುಕಾರರ ದನಿ. ಅದು ಕೈ ಇದ್ದ ಕಡೆಯಿಂದ ಬರಲಿಲ್ಲ. ಕೋಣೆಯ ಇನ್ನೊಂದು ಮೂಲೆಯಿಂದ ಬಂತು.

ವೀರೇಶ ಪರದೆ ನೋಡಿದ, ಶಿವಗಂಗವ್ವನನ್ನು ನೋಡಿದ, ಗಡಿಯಾರ ನೋಡಿದ. ದಾಂಡೇಲಿಯ ಬಸ್ಸಿಗೆ ಹೊತ್ತಾಗಿತ್ತು. ಬೆರಳು ಚುಚ್ಚಿ, ಹನಿ ಸವರಿ, ಪಟ್ಟಿಯನ್ನು ಗಾಳಿಗೆ ಹಿಡಿದ. ಶಿವಗಂಗವ್ವನದೂ, ಮನೆಯ ಪಾತ್ರೆ ತಿಕ್ಕುವ ಕೆಂಚವ್ವನದೂ ರಕ್ತ ತೆಗೆದುಕೊಂಡ. ಕೆಂಚವ್ವ ಮುದಕಪ್ಪನ ಹೆಂಡತಿ. "ಮನ್ಯಾಗ ಮತ್ಯಾರದಾರ?" ಎಂದು ಕೇಳಿದಾಗ ಪರದೆಯ ಹಿಂದಿನಿಂದಲೇ ಉತ್ತರ ಬಂತು: "ಯಾರೂ ಇಲ್ಲ. ಆಳು ಅದಾನ, ಅಂವ ಅಂಗಡ್ಯಾಂವ."

ಗುಳಿಗೆಯ ಸರದಿ ಬಂದಾಗ ಪೂಜೆ ಮುಗಿದಿತ್ತು. ಸಾಹುಕಾರರು ಶಾಲು ಹೊದ್ದು ಪೂರ್ತಿಯಾಗಿ ಹೊರಗೆ ಬಂದು, ಮುಖ ಕಿವುಚಿ ನುಂಗಿ, ಕಹಿಗೆಂದು ಮೇಲೊಂದು ಕರ್ಚಿಕಾಯಿ ತಿಂದರು.

"ಇವು ನಡು ಬಿಡಬ್ಯಾಡ್ರಿ," ವೀರೇಶ ಮೆಟ್ಟಿಲಿಳಿಯುತ್ತ ಹೇಳಿದ. "ಎರಡು ವಾರದ್ದು ಪೂರ್ತಿ ತಗೋಬೇಕು. ಇಲ್ಲಾಂದ್ರ ಲಿವರಿನ್ಯಾಗ ಅಡಗಿದ ಜಂತು ಮತ್ತ ಎದ್ದ ಬರತಾವ."

ಗೋದಾಮಿಗೆ ಹೊಂದಿಕೊಂಡ ಕೋಣೆಯಲ್ಲಿ, ಎರಡು ಕಂಬಳಿಯ ಕೆಳಗೆ, ಮುದಕಪ್ಪ ಆ ಮಧ್ಯಾಹ್ನ ಕಟಕಟ ಹಲ್ಲು ಕಡಿಯುತ್ತ ಬಿದ್ದಿದ್ದ. ಕಣ್ಣಿನ ಬಿಳುಪು ಹಳದಿಗೆ ತಿರುಗಿತ್ತು. ಕುಡಿದ ಗಂಜಿ ನಿಲ್ಲುತ್ತಿರಲಿಲ್ಲ.

"ಏಳ, ದವಾಖಾನಿಗೆ ಹೋಗೂಣು," ಎಂದಳು ಕೆಂಚವ್ವ.

"ಸಾವ್ಕಾರ್ರು ಬ್ಯಾಡಂದಾರ. ಅಲ್ಲೂ ರಕ್ತಾ ತಗೀತಾರ. ನನಗೂ ಅದ ಬ್ಯಾನಿ ಅಂತ ಬಂದ್ರ ಅವರ ಹೆಸರು ಕೆಡತೈತಿ."

"ನೀ ಸತ್ರ?"

"ಯಾಕ ಸಾಯಲಿ? ಬ್ಯಾನಿ ರಕ್ತದ ಜೋಡಿ ಅವರಿಗೆ ಹೋಗೇತಿ. ಪಾಪ, ನನ್ನ ದೆಸಿಂದ ಅವರು ಕಹಿ ಗುಳಿಗಿ ನುಂಗಾಕತ್ತಾರ."

ಕೆಂಚವ್ವ ಗಂಡನನ್ನು ದಿಟ್ಟಿಸಿ ನೋಡಿದಳು. ವರ್ಷವರ್ಷವೂ ಪುಣ್ಯವನ್ನು ಹೊತ್ತು ತಂದು ಬೇರೆಯವರ ಮನೆಯಲ್ಲಿ ಇಳಿಸಿದ ಮನುಷ್ಯ, ರೋಗವನ್ನೂ ಹಾಗೆಯೇ ಇಳಿಸಿ ಬಂದೆನೆಂದು ನಂಬಿದ್ದ. "ಹೋಗೇತಿ ಅಂದ್ರ ನೀ ಯಾಕ ನಡಗಾಕತ್ತೀಯೋ ಹುಚ್ಚಪ್ಪ?"

ಮುದಕಪ್ಪ ಯೋಚಿಸಿದ. "ಒಂದೀಟು ಉಳದಿರಬೇಕು," ಅಂದ.

ಅವಳು ಹಿಂಬಾಗಿಲಿನಿಂದ ಹೋಗಿ ಗುಳಿಗೆ ಕೇಳಿದಳು. ಎಲ್ಲ ಬೇಡ, ಅರ್ಧ ಸಾಕು ಅಂದಳು. ಸಾಹುಕಾರರು ತಟ್ಟೆ ತೊಡೆಯ ಮೇಲಿಟ್ಟುಕೊಂಡೇ ಗಂಭೀರವಾಗಿ ತಲೆಯಾಡಿಸಿದರು. "ನಡು ಬಿಡಬಾರದು ಅಂತ ಹೇಳ್ಯಾರಲ್ಲ. ನಿಮ್ಮವಂಗ ಬಿಸಿನೀರು ಕುಡಸು." ಮರುದಿನವೂ ಹೋದಳು. ಮರುದಿನವೂ ಬಿಸಿನೀರು.

ಚೌತಿಯ ಗಣಪತಿ ಇನ್ನೂ ಮನೆಯಲ್ಲಿರುವಾಗ ಪಾದಯಾತ್ರಿಗಳ ಸಂಘದವರು ಆರೋಗ್ಯ ವಿಚಾರಿಸಲು ಬಂದರು. ಸಂಘದ ಅಧ್ಯಕ್ಷರು ಅಡಿವೆಯ್ಯನವರು. ಮಾತಿಗೆ ನಿಂತರೆ ಕೂಡುವುದು ತಡ. ಸೋಫಾದಲ್ಲಿ ಕಾಲು ಚಾಚಿದ್ದ ಸಾಹುಕಾರರಿಗೆ ಶಾಲು ಹೊದಿಸಿ, "ಉಳವಿಗೆ ನಡದು ಬಂದ ಬ್ಯಾನಿ ಅಂದ್ರ ಅದು ಬ್ಯಾನಿ ಅಲ್ಲರಿ, ಅದೂ ಒಂದು ಪ್ರಸಾದ," ಎಂದರು. ಸಾಹುಕಾರರು ವಿನಯದಿಂದ ಇನ್ನೊಂದು ಕರ್ಚಿಕಾಯಿ ತೆಗೆದುಕೊಂಡರು. ಕೋಣೆಯಲ್ಲಿ ಊದಿನಕಡ್ಡಿಯ ಹೊಗೆ ದಟ್ಟವಾಗಿತ್ತು. ಗಣಪತಿಗೆ ಬೇಕಾದದ್ದಕ್ಕಿಂತ ಹೆಚ್ಚೇ ಹಚ್ಚಿದ್ದರು. ಸೋಫಾದ ಆಚೆ ತುದಿಯಿಂದ, ಕಾಲುಚೀಲ ಇದ್ದ ಕಡೆಯಿಂದ, ಏನೋ ವಾಸನೆ ಬರುತ್ತಿತ್ತು.

ಆಗ ಮುಂಬಾಗಿಲಿನಿಂದ ಕೆಂಚವ್ವ ಬಂದಳು. ಆ ಬಾಗಿಲಿನಿಂದ ಅವಳು ಎಂದೂ ಬಂದವಳಲ್ಲ. ಕಂಬಳಿ ಸುತ್ತಿದ ಮುದಕಪ್ಪನನ್ನು ತೋಳು ಹಿಡಿದು ನಡೆಸಿಕೊಂಡು ಬಂದು, ಸಾಹುಕಾರರ ಪಕ್ಕದಲ್ಲಿ, ಅದೇ ಸೋಫಾದ ಮೇಲೆ ಕೂಡ್ರಿಸಿದಳು. ಅಂದೂ ಅವನ ನಡುಗುವ ದಿನವೇ. ಸೋಫಾ ನಡುಗಿತು. ಸೋಫಾದ ಮೇಲಿದ್ದ ಸಾಹುಕಾರರು ನಡುಗಿದರು. ಅವರ ತೊಡೆಯ ಮೇಲಿನ ಸ್ಟೀಲಿನ ತಟ್ಟೆ ಲಟಲಟ ಎನ್ನತೊಡಗಿತು.

"ಅಡಿವೆಯ್ಯಾರ," ಎಂದಳು ಕೆಂಚವ್ವ, "ನೀವು ಬ್ಯಾನಿ ನೋಡಾಕ ಬಂದೀರಿ. ಅದು ಇಲ್ಲೈತಿ ನೋಡ್ರಿ. ಅಲ್ಲಿರೂದು ಬರೇ ಹೆಸರು. ಲ್ಯಾಬಿನ್ಯಾಗ ರಕ್ತಾ ಕೊಟ್ಟಾಂವ ನಮ್ಮಾಂವ. ಪರದೇದಾಗಿಂದ ಕೈ ಕೊಟ್ಟಾಂವನೂ ನಮ್ಮಾಂವ."

"ಏ ಕೆಂಚವ್ವಾ, ಯಾರ ಮುಂದ ಏನ ಮಾತಾಡ್ತಿ? ಹಿಂದಿನ ಬಾಗಲಾ ಕಾಣೂದಿಲ್ಲೇನು?" ಎಂದರು ಸಾಹುಕಾರರು.

"ಆ ಬಾಗಲಕ್ಕ ಬಂದು ನಿಂತ ನಿಂತ ಸಾಕಾತ್ರಿ. ಗುಳಿಗಿ ಸಿಗಲಿಲ್ಲ."

ಅಡಿವೆಯ್ಯನವರು ಗೋಡೆಯ ಮೇಲಿನ ಫೋಟೊ ನೋಡತೊಡಗಿದರು. ಅದರಲ್ಲಿ ಸಾಹುಕಾರರು ಬರಿಗಾಲಲ್ಲಿ ಉಳವಿ ಹೊಗುತ್ತಿದ್ದರು. ಹಿಂದೆ, ಕಾರಿನ ಮೂತಿ ಅರ್ಧ ಬಂದಿತ್ತು.

ಶಿವಗಂಗವ್ವ ಎದ್ದಳು. ದೇವರ ಕೋಣೆಯಿಂದ ಗುಳಿಗೆಯ ಪಟ್ಟಿಗಳನ್ನು ತಂದು ಕೆಂಚವ್ವನ ಉಡಿಗೆ ಹಾಕಿದಳು. ಆಮೇಲೆ ಗಂಡನ ತೊಡೆಯ ಮೇಲಿನ ತಟ್ಟೆ ಎತ್ತಿಕೊಂಡಳು. "ಆ ಗುಳಿಗೀನೂ ಅವನ್ವು, ಆ ವರದಿಯಾಗಿನ ಸಕ್ಕರೀನೂ ಅವನ್ದು. ನಿಮ್ಮದೇನೈತಿ ಅಂತ ಇನ್ನಾ ಯಾರೂ ನೋಡಿಲ್ಲ. ಕಾಲಚೀಲಾ ತಗೀರಿ."

"ಮಂದಿ ಕೂತಾರ..."

ಅವಳೇ ಬಗ್ಗಿ ಎಳೆದಳು. ಮಂದಿ ಕೂತಿರಲಿಲ್ಲ; ವಾಸನೆ ಬಡಿದದ್ದೇ ಸಂಘವೆಲ್ಲ ಎದ್ದು ಬಾಗಿಲ ಕಡೆ ಸರಿದಿತ್ತು. ಹೆಬ್ಬೆರಳು ಕರ್ರಗಾಗಿತ್ತು. ಪ್ರಸಾದ ಎಂದವರು ಮೂಗಿಗೆ ಶಾಲು ಹಿಡಿದು ಮೆಟ್ಟಿಲು ಇಳಿದರು. ಆ ಶಾಲು ಸಾಹುಕಾರರಿಗೆ ಹೊದಿಸಿದ್ದೇ ಇರಬೇಕು, ಆಮೇಲೆ ಮನೆಯಲ್ಲಿ ಹುಡುಕಿದರೆ ಸಿಗಲಿಲ್ಲ.

ಧಾರವಾಡದ ಆಸ್ಪತ್ರೆಯಲ್ಲಿ ಪರದೆ ಇರಲಿಲ್ಲ. ಅಲ್ಲಿಯ ನರ್ಸು ಸಾಹುಕಾರರ ಸ್ವಂತ ಬೆರಳನ್ನೇ ಹಿಡಿದು ಚುಚ್ಚಿದಳು. ಅವರು ಕಿರುಚಿದ್ದು ಕೆಳಗಿನ ಔಷಧಿ ಅಂಗಡಿಗೂ ಕೇಳಿಸಿತಂತೆ. ಸಕ್ಕರೆ ಅಳೆಯುವ ಯಂತ್ರ ತನ್ನ ಲೆಕ್ಕ ಅಲ್ಲಿಗೇ ಮುಗಿಯಿತೆಂದು ಅಂಕಿ ತೋರಿಸದೆ ಕೈಚೆಲ್ಲಿತು. ಕಾಲಿನ ಹೆಬ್ಬೆರಳು ಉಳಿಯುವುದಿಲ್ಲ, ತೆಗೆಯಬೇಕು ಎಂದರು. "ಮಲೇರಿಯಾದಿಂದ ಹಿಂಗಾತೇನ್ರಿ?" ಎಂದು ಸಾಹುಕಾರರು ಕೇಳಿದರು. ನಿಮ್ಮ ರಕ್ತದಲ್ಲಿ ಮಲೇರಿಯಾ ಇಲ್ಲ ಎಂದದ್ದಕ್ಕೆ, ಆ ಲ್ಯಾಬಿನವರಿಗೆ ಸರಿಯಾಗಿ ನೋಡಲು ಬರುವುದಿಲ್ಲ ಎಂದು ತೀರ್ಪು ಕೊಟ್ಟರು.

ಇತ್ತ ಕೆಂಚವ್ವ ವೀರೇಶನಿಗೆ ಫೋನು ಮಾಡಿಸಿ ಕರೆಸಿದಳು. ಅವನು ಮುದಕಪ್ಪನ ಕೈ ನೋಡಿದ ಕೂಡಲೇ ಗುರುತು ಹಿಡಿದ. ಬೆರಳು ಚುಚ್ಚಿದ. ಪಟ್ಟಿಯಲ್ಲಿ ಅವೇ ಉಂಗುರಗಳು. ಹೊಸ ಗುಳಿಗೆಗಳನ್ನು ಮೊದಲಿನಿಂದ ಕೊಟ್ಟ. ಹೆಸರು ಮಾತ್ರ ಬದಲಿಸಲಿಲ್ಲ.

"ಇವನ ಹೆಸರು ಬರದ್ರ ಎರಡು ಕೇಸ ಆಕ್ಕಾವ ಯಕ್ಕಾ. ಎರಡಾದ್ರ ಮ್ಯಾಲಿನವರು ಜೀಪ್ ತಗೊಂಡು ಬರ್ತಾರ, ನನ್ನ ಜೀವಾ ತಿಂತಾರ. ಅದ ಹೆಸರಿಲೆ ನಡೀಲಿ. ಗುಳಿಗಿ ಇವಂಗ ಮುಟ್ಟಿದ್ರ ಆತಿಲ್ಲೋ?"

"ಹೆಸರು ನೀವ ಇಟಗೋರಿ," ಎಂದಳು ಕೆಂಚವ್ವ. "ಮತ್ತ ಏನ ಜ್ವಾಕಿ ಮಾಡಬೇಕು, ಅದನ್ನ ಹೇಳ್ರಿ."

ಎರಡು ವಾರ ನಡುವೆ ಬಿಡದೆ ಗುಳಿಗೆ, ಸೊಳ್ಳೆಪರದೆ, ಹೊಟ್ಟೆ ತುಂಬ ಊಟ, ಇನ್ನು ಕೆಲವು ತಿಂಗಳು ಯಾರಿಗೂ ರಕ್ತ ಕೊಡುವ ಹಾಗಿಲ್ಲ ಎಂದು ಅವನು ಹೇಳಿಹೋದ.

ನಡುಗುವ ದಿನ ಬಂದು, ನಡುಗದೆ ಹೋಯಿತು. ಇನ್ನೊಂದು ನಡುಗುವ ದಿನವೂ ಹಾಗೆಯೇ ಹೋಯಿತು. ಮುದಕಪ್ಪ ಎದ್ದು ಗೋಡೆಗೆ ಒರಗಿ ರೊಟ್ಟಿ ಮುರಿಯುತ್ತಿದ್ದಾಗ ಕೆಂಚವ್ವನ ಫೋನು ಬಡಿದುಕೊಂಡಿತು. ಧಾರವಾಡದಿಂದ ಸ್ವತಃ ಸಾಹುಕಾರರು.

"ಕೆಂಚವ್ವಾ, ಮುದಕ್ಯಾನ್ನ ಲಗೂನ ಧಾರವಾಡ ಬಸ್ಸಿಗೆ ಹತ್ತಸು. ನಾಳೆ ಆಪರೇಶನ್ ಐತಿ. ಒಂದು ಬಾಟ್ಲಿ ರಕ್ತಾ ಬೇಕಂತ."

"ಮಲೇರಿಯಾ ಆದವರ ರಕ್ತಾ ತಗೊಳ್ಳೂದಿಲ್ಲರಿ ಸಾವ್ಕಾರ್ರ."

"ಮುದಕ್ಯಾಗ ಎಲ್ಲಿ ಆಗೇತಿ ಮಲೇರಿಯಾ? ಆದದ್ದು ನನಗ! ವರದಿಯಾಗ ನನ್ನ ಹೆಸರು ಬರದಿಲ್ಲೇನು?"

"ಹೌದ್ರಿ, ಬರದೇತಿ," ಎಂದಳು ಕೆಂಚವ್ವ. "ಹಂಗಾರ ಆ ವರದಿನ ಕೊಡ್ರಿ ಅವರಿಗೆ, ರಕ್ತದ ಬದ್ಲಿ."

ಫೋನು ಇಟ್ಟಳು. ಅದು ಮತ್ತೆ ಬಡಿದುಕೊಂಡಿತು. ಅದನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಸರಿಸಿದಳು.

"ಯಾರು, ಸಾವ್ಕಾರ್ರೇನು? ಏನಂತ?" ಮುದಕಪ್ಪ ಅರ್ಧ ಎದ್ದಿದ್ದ.

"ಏನಿಲ್ಲ, ಕೂಡು. ಬಾಯಿ ತಗಿ."

ಅವನು ಗುಳಿಗೆಯನ್ನು ನಾಲಗೆಯ ಮೇಲಿಟ್ಟುಕೊಂಡು ಮುಖ ಹಿಂಡಿದ. "ಕಹಿ ಐತಿ."

"ನಿಂದ ಐತಿ. ನುಂಗು."